ಹಲ್ಲು ಉಳಿಸಿದ ಹಕೀಮರು: ಅಬುಲ್ ಕಾಸಿಮ್ ಅಲ್ ಝಹ್ರಾವಿ

ಮನೆಯಲ್ಲಿ ಯಾರಿಗಾದರೂ ಹಲ್ಲು ನೋವು ಬಂದರೆ ಮೊದಲು ಕೇಳಿಬರುವ ಸಲಹೆ ಯಾವುದೆಂದು ನಿಮಗೆ ಗೊತ್ತೇ ಇದೆ. ಕೀಳಿಸಿಬಿಟ್ಟರೆ ಪೀಡೆ ತೊಲಗುತ್ತದೆ ಎನ್ನುತ್ತಾರೆ. ಒಂದು ಹಲ್ಲು ಹೋದರೆ ಏನಾಯಿತು, ಇನ್ನೂ ಮೂವತ್ತೊಂದು ಇದೆಯಲ್ಲ ಎಂಬ ಸಮಾಧಾನವೂ ಜೊತೆಗೆ ಇರುತ್ತದೆ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾ ನಗರದ ಬಳಿ ಬದುಕಿದ್ದ ಒಬ್ಬ ಹಕೀಮರಿಗೆ ಈ ಸಲಹೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಹಲ್ಲನ್ನು ಉಳಿಸಲು ಎಲ್ಲ ಉಪಾಯಗಳನ್ನೂ ಮಾಡಿ ನೋಡದೆ ಕೀಳಲು ಕೈ ಹಾಕಬಾರದು ಎಂದು ಅವರು ತಮ್ಮ ಶಿಷ್ಯರಿಗೆ ಬರೆದಿಟ್ಟರು. ಹೋದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಬಗೆಯನ್ನೂ ಅವರೇ ವಿವರಿಸಿದ್ದಾರೆ. ಇಂದು ನಿಮ್ಮ ಊರಿನ ದಂತ ವೈದ್ಯರು ಬ್ರಿಡ್ಜ್, ಇಂಪ್ಲಾಂಟ್ ಎಂದು ಹೇಳುವಾಗ ಆ ಹಕೀಮರ ನೆನಪು ನಮಗೆ ಬರುವುದಿಲ್ಲ. ಆದರೆ ಬರಬೇಕಾಗಿತ್ತು.

ಅವರ ಹೆಸರು ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಲ್ ಝಹ್ರಾವಿ. ಹೆಸರಿನ ಜೊತೆ ಅನ್ಸಾರಿ ಎಂದೂ ಸೇರಿಸುತ್ತಾರೆ, ಅಂದರೆ ಅವರ ಮೂಲ ಮನೆತನ ಮದೀನಾದ ಅನ್ಸಾರರದು. ಯುರೋಪಿನವರು ಆ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ತಿರುಚಿ ಅಬುಲ್‌ಕಾಸಿಸ್ ಎಂದು ಕರೆದರು. ಹುಟ್ಟಿದ್ದು ಕ್ರಿ.ಶ. 936ರ ಸುಮಾರಿಗೆ, ಕುರ್ತುಬಾದಿಂದ ಎಂಟು ಕಿಲೋಮೀಟರ್ ದೂರದ ಮದೀನತುಝ್ಝಹ್ರಾದಲ್ಲಿ. ಝಹ್ರಾವಿ ಎಂಬ ಹೆಸರು ಬಂದದ್ದು ಆ ಊರಿನಿಂದಲೇ.

ಆ ಕಾಲದ ಸ್ಪೇನನ್ನು ನೀವು ಒಮ್ಮೆ ಕಲ್ಪಿಸಿಕೊಳ್ಳಬೇಕು. 929ರಲ್ಲಿ ಮೂರನೇ ಅಬ್ದುರ್ರಹ್ಮಾನ್ ತಾನೇ ಖಲೀಫನೆಂದು ಘೋಷಿಸಿಕೊಂಡಿದ್ದ. ಮದೀನತುಝ್ಝಹ್ರಾ ಅವನೇ ಹೊಸದಾಗಿ ಕಟ್ಟಿಸಿದ ಅರಮನೆ ನಗರ. ಅವನ ಮಗ ಎರಡನೇ ಹಕಮ್ 961ರಿಂದ 976ರವರೆಗೆ ಆಳಿದ. ಈತನಿಗೆ ಪುಸ್ತಕದ ಹುಚ್ಚು. ಅವನ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಗ್ರಂಥಗಳಿದ್ದವೆಂದು ಹಳೆಯ ಲೇಖಕರು ಬರೆಯುತ್ತಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಗ್ರಂಥಾಲಯ ದೊಡ್ಡದಿತ್ತು ಎಂಬುದರಲ್ಲಿ ಸಂಶಯವಿಲ್ಲ. ಝಹ್ರಾವಿಯವರು ಈ ಹಕಮನ ಆಸ್ಥಾನದಲ್ಲಿ ವೈದ್ಯರಾಗಿದ್ದರೆಂದು ಹೇಳಲಾಗುತ್ತದೆ.

ಅವರ ತಂದೆ ಏನು ಮಾಡುತ್ತಿದ್ದರು, ಮಕ್ಕಳೆಷ್ಟು, ಗುರುಗಳು ಯಾರು ಎಂದು ನೀವು ಕೇಳಿದರೆ ಚರಿತ್ರೆಯಲ್ಲಿ ಉತ್ತರ ಬಹಳ ಕಡಿಮೆ. ಇದಕ್ಕೊಂದು ಕಾರಣವೂ ಇದೆ. ಅವರ ಮುಪ್ಪಿನ ದಿನಗಳಲ್ಲಿ ಅಂದಲುಸಿಯಾದಲ್ಲಿ ಅಂತಃಕಲಹ ಎದ್ದಿತು. 1010ರ ಸುಮಾರಿಗೆ ಮದೀನತುಝ್ಝಹ್ರಾ ಲೂಟಿಯಾಯಿತು, ಸುಟ್ಟುಹೋಯಿತು. ಅವರ ತೀರ್ಮರಣ ಹಿಜರಿ 404, ಅಂದರೆ ಕ್ರಿ.ಶ. 1013ರ ಸುಮಾರಿಗೆ. ಹುಟ್ಟಿದ ಊರು ಬೂದಿಯಾದದ್ದನ್ನು ಅವರು ಕಣ್ಣಾರೆ ಕಂಡಿರಬೇಕು. ಉಳಿದದ್ದು ಒಂದು ಗ್ರಂಥ ಮಾತ್ರ. ಆದ್ದರಿಂದ ಅವರ ಜೀವನವನ್ನು ಆ ಗ್ರಂಥದ ಒಳಗೇ ಹುಡುಕಬೇಕು. ಅದೃಷ್ಟವಶಾತ್ ಅವರು ತಾವು ಕಂಡದ್ದನ್ನು ಮರೆಮಾಚದೆ ಬರೆಯುವವರಾಗಿದ್ದರು.

ಆ ಗ್ರಂಥದ ಹೆಸರು ಅತ್ತಸ್ರೀಫ್. ಪೂರ್ಣ ಹೆಸರಿನ ಅರ್ಥ ಹೆಚ್ಚುಕಡಿಮೆ ಹೀಗೆ: ಸ್ವತಃ ಗ್ರಂಥಗಳನ್ನು ಸಂಗ್ರಹಿಸಿ ಜೋಡಿಸಿಕೊಳ್ಳಲು ಆಗದವರಿಗಾಗಿ ಮಾಡಿಕೊಟ್ಟ ಏರ್ಪಾಡು. ಅಂದರೆ ಬಡ ವಿದ್ಯಾರ್ಥಿಗೂ ಒಂದೇ ಕಡೆ ಎಲ್ಲವೂ ಸಿಗಲಿ ಎಂಬ ಉದ್ದೇಶ. ಸುಮಾರು ಐವತ್ತು ವರ್ಷಗಳ ಚಿಕಿತ್ಸೆ ಮತ್ತು ಅಧ್ಯಾಪನದ ಅನುಭವವನ್ನು ಸೇರಿಸಿ ಕ್ರಿ.ಶ. 1000ದ ಹೊತ್ತಿಗೆ ಅದನ್ನು ಮುಗಿಸಿದರು. ಒಟ್ಟು 30 ಭಾಗಗಳು. ರೋಗಗಳು, ಔಷಧಗಳು, ಲೇಪಗಳು, ಆಹಾರ ಎಲ್ಲವೂ ಅದರಲ್ಲಿದೆ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು ಇನ್ನೂರು ಉಪಕರಣಗಳ ಚಿತ್ರಗಳಿವೆ. ಶಿಷ್ಯರನ್ನು ಅವರು ನನ್ನ ಮಕ್ಕಳೇ ಎಂದು ಕರೆದು ಬರೆಯುತ್ತಾರೆ.

ವೈದ್ಯರಾದವರು ಔಷಧ ಬರೆದುಕೊಡುವುದು ಗೌರವದ ಕೆಲಸ, ಕುಯ್ಯುವುದು ಮತ್ತು ಕೀಳುವುದು ಕ್ಷೌರಿಕರ ಕೆಲಸ ಎಂಬ ಭಾವನೆ ಆಗ ಬಹಳ ಕಡೆ ಇತ್ತು. ವಿದ್ಯಾರ್ಥಿ ಮಿತ್ರರೇ, ಇದನ್ನು ನೀವು ಗಮನಿಸಬೇಕು. ಆಸ್ಥಾನದ ವೈದ್ಯರೆನಿಸಿಕೊಂಡ ಒಬ್ಬರು ರೋಗಿಯ ತಲೆಯನ್ನು ತಮ್ಮ ಮಡಿಲಲ್ಲಿ ಇರಿಸಿಕೊಂಡು ಹಲ್ಲಿನ ಕೊಳೆ ಕೆರೆಯುವುದನ್ನು ಬರೆಯುತ್ತಾರೆ, ಆ ಕೆರೆಯುವ ಉಪಕರಣದ ಚಿತ್ರವನ್ನೂ ಕೊಡುತ್ತಾರೆ. ತಮ್ಮ ನಾಡಿನಲ್ಲಿ ಶಸ್ತ್ರವಿದ್ಯೆ ಹೆಚ್ಚುಕಡಿಮೆ ಅಳಿದುಹೋಗಿದೆ ಎಂಬ ವ್ಯಥೆಯಿಂದಲೇ ಅವರು ಈ ಭಾಗವನ್ನು ಆರಂಭಿಸುತ್ತಾರೆ. ಶರೀರ ರಚನೆ ತಿಳಿಯದೆ ಶಸ್ತ್ರ ಹಿಡಿದವನು ಜೀವ ತೆಗೆಯುತ್ತಾನೆ ಎಂದು ಎಚ್ಚರಿಸಿ, ತಾವೇ ಕಂಡ ಪ್ರಸಂಗಗಳನ್ನು ಹೇಳುತ್ತಾರೆ. ಒಬ್ಬ ಅಜ್ಞಾನಿ ವೈದ್ಯ ಹೆಂಗಸೊಬ್ಬಳ ಕುತ್ತಿಗೆಯ ಗಡ್ಡೆ ಕುಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿದ, ಆಕೆ ಅವನ ಮುಂದೆಯೇ ಸತ್ತಳು. ಇನ್ನೊಂದು ಪ್ರಸಂಗ ಅವರದೇ. ಒಬ್ಬ ದಾಸಿ ಹುಡುಗಿ ತನ್ನ ಕತ್ತನ್ನು ತಾನೇ ಚಾಕುವಿನಿಂದ ಕುಯ್ದುಕೊಂಡಿದ್ದಳು, ಶ್ವಾಸನಾಳ ಸೀಳಿತ್ತು. ಝಹ್ರಾವಿಯವರು ಗಾಯಕ್ಕೆ ಹೊಲಿಗೆ ಹಾಕಿದರು. ಹುಡುಗಿ ಬದುಕಿದಳು, ದನಿ ಮಾತ್ರ ಒಡೆದುಹೋಯಿತು. ಕೀವು ತುಂಬಿದ ಬಾವನ್ನು ಸೀಳುವಾಗ ರೋಗಿ ಹೆದರಬಾರದೆಂದು ಅಲಗು ಕಾಣದಂತೆ ಒರೆಯೊಳಗೆ ಅಡಗಿರುವ ಚಾಕುವೊಂದನ್ನೂ ಅವರು ವರ್ಣಿಸಿದ್ದಾರೆ.

ಈಗ ಹಲ್ಲಿನ ವಿಷಯಕ್ಕೆ ಬರೋಣ.

ಹಲ್ಲಿನ ಒಳಗೂ ಹೊರಗೂ, ವಸಡಿನ ಸಂದಿನಲ್ಲೂ ಒರಟಾದ ಕಿಟ್ಟ ಕಟ್ಟುತ್ತದೆ, ಅದು ಕಪ್ಪೋ ಹಳದಿಯೋ ಹಸಿರೋ ಆಗಿರುತ್ತದೆ, ಅದರಿಂದ ವಸಡು ಕೆಡುತ್ತದೆ ಎಂದು ಅವರು ಬರೆದಿದ್ದಾರೆ. ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಒಂದು ದಿನದಲ್ಲಿ ಹೋಗದಿದ್ದರೆ ಮರುದಿನ, ಅದರ ಮರುದಿನ ಮತ್ತೆ ಕೂರಬೇಕು. ಹೊರಮೈಗೆ ಒಂದು ಬಗೆ, ಒಳಮೈಗೆ ಒಂದು ಬಗೆ, ಸಂದಿಗೆ ಇನ್ನೊಂದು ಬಗೆ ಎಂದು 14 ಕೆರೆಯುವ ಉಪಕರಣಗಳನ್ನು ಅವರು ಹೇಳಿದ್ದಾರೆ. ಇಂದು ಸ್ಕೇಲಿಂಗ್ ಎಂದು ನೀವು ಮಾಡಿಸಿಕೊಳ್ಳುವುದು ಇದನ್ನೇ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ತಪ್ಪು ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಲ್ಲನ್ನು ಸಡಿಲ ಮಾಡುವುದು ಆ ಕಿಟ್ಟ, ಅದನ್ನು ತೆಗೆಯುವವರಲ್ಲ.

ಇನ್ನು ಕೀಳುವ ವಿಷಯ. ಹಲ್ಲು ಅಮೂಲ್ಯ ವಸ್ತು, ಅದು ಹೋದರೆ ಅದರ ಸ್ಥಾನ ತುಂಬುವಂಥದ್ದು ಬೇರೆ ಇಲ್ಲ ಎಂಬುದು ಅವರ ನಿಲುವು. ಬೇರೆ ದಾರಿಯೇ ಇಲ್ಲವೆಂದಾದಾಗ ಮೊದಲು ನೋಯುತ್ತಿರುವ ಹಲ್ಲು ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ನೋವು ರೋಗಿಯನ್ನು ಮೋಸಗೊಳಿಸುತ್ತದೆ, ಅವನು ಗಟ್ಟಿ ಹಲ್ಲನ್ನು ತೋರಿಸಿ ಕೀಳಿಸಿಕೊಳ್ಳುತ್ತಾನೆ, ನೋವು ಮಾತ್ರ ಹಾಗೆಯೇ ಉಳಿಯುತ್ತದೆ. ಕ್ಷೌರಿಕರ ಕೈಯಲ್ಲಿ ಹೀಗಾದದ್ದನ್ನು ಅವರು ಕಂಡಿದ್ದರು. ಹಲ್ಲಿನ ನರದ ನೋವು ಪಕ್ಕದ ಹಲ್ಲಿನಲ್ಲಿ, ಕೆಲವೊಮ್ಮೆ ಎದುರು ದವಡೆಯಲ್ಲಿ ಬಂದಂತೆ ಅನಿಸುವುದನ್ನು ಇಂದಿನ ವೈದ್ಯರೂ ಬಲ್ಲರು. ಅದಕ್ಕೇ ಎಕ್ಸ್‌ರೇ ತೆಗೆಯದೆ ಅವರು ಇಕ್ಕಳ ಹಿಡಿಯುವುದಿಲ್ಲ. ಝಹ್ರಾವಿಯವರ ಬಳಿ ಎಕ್ಸ್‌ರೇ ಇರಲಿಲ್ಲ, ತಾಳ್ಮೆ ಇತ್ತು. ಹಲ್ಲಿನ ಸುತ್ತ ವಸಡನ್ನು ಬಿಡಿಸಿ, ಮೆಲ್ಲಗೆ ಅಲುಗಿಸಿ, ಆಮೇಲೆ ಗಟ್ಟಿ ಇಕ್ಕಳದಿಂದ ನೇರವಾಗಿ ಎಳೆಯಬೇಕು. ಹಲ್ಲು ತೂತು ಬಿದ್ದಿದ್ದರೆ ಇಕ್ಕಳದ ಒತ್ತಡಕ್ಕೆ ಒಡೆಯದಂತೆ ತೂತಿಗೆ ಬಟ್ಟೆ ತುರುಕಿ ಬಿಗಿಮಾಡಬೇಕು. ಅವಸರದಲ್ಲಿ ಎಳೆದು ಬೇರು ಒಳಗೇ ಉಳಿಸುವ, ದವಡೆಯ ಮೂಳೆಯನ್ನೂ ಕಿತ್ತು ತರುವ ಅಜ್ಞಾನಿಗಳಂತೆ ಮಾಡಬೇಡಿ ಎಂದು ಶಿಷ್ಯರಿಗೆ ತಾಕೀತು ಮಾಡುತ್ತಾರೆ. ಅರಿವಳಿಕೆಯ ಇಂಜೆಕ್ಷನ್ ಇಲ್ಲದ ಕಾಲ ಅದು ಎಂಬುದನ್ನು ಮರೆಯಬೇಡಿ.

ಹಲ್ಲು ಇನ್ನೂ ಬಿದ್ದಿಲ್ಲ, ಅಲುಗಾಡುತ್ತಿದೆ. ಆಗ ಏನು ಮಾಡಬೇಕು? ಇಲ್ಲಿಯೇ ಅವರ ಕೈಚಳಕ ಕಾಣುವುದು. ಪೆಟ್ಟು ಬಿದ್ದೋ ಬಿದ್ದುಹೋಗಿಯೋ ಮುಂದಿನ ಹಲ್ಲು ಸಡಿಲವಾಗಿ ರೋಗಿ ಏನನ್ನೂ ಕಚ್ಚಲಾರದಂತಾಗಿ, ಔಷಧಗಳೂ ಫಲ ಕೊಡದಿದ್ದರೆ ಲೋಹದ ತಂತಿಯಿಂದ ಕಟ್ಟಬೇಕು. ತಂತಿ ಬಹಳ ದಪ್ಪವೂ ಇರಬಾರದು, ಬಹಳ ತೆಳ್ಳಗೂ ಇರಬಾರದು. ಅದನ್ನು ಜೋಡಿ ಮಾಡಿ ಒಂದು ಬದಿಯ ಎರಡು ಗಟ್ಟಿ ಹಲ್ಲುಗಳ ನಡುವಿನಿಂದ ತೆಗೆದು, ಸಡಿಲ ಹಲ್ಲುಗಳ ನಡುವೆ ಒಂದೊಂದಾಗಿ ಹೆಣೆಯುತ್ತಾ ಇನ್ನೊಂದು ಬದಿಯ ಗಟ್ಟಿ ಹಲ್ಲಿನವರೆಗೆ ಹೋಗಬೇಕು, ಅಲ್ಲಿಂದ ಹೆಣೆಯುತ್ತಾ ಹಿಂದಿರುಗಬೇಕು. ಮೃದುವಾಗಿ ಎಳೆದು ಬುಡದ ಹತ್ತಿರ ಗಂಟು ಹಾಕಿದರೆ ಜಾರುವುದಿಲ್ಲ. ಉಳಿದ ತುದಿಯನ್ನು ಕತ್ತರಿಸಿ, ತಿರುಚಿ, ನಾಲಗೆಗೆ ಚುಚ್ಚದಂತೆ ಹಲ್ಲುಗಳ ಸಂದಿಯಲ್ಲಿ ಅಡಗಿಸಬೇಕು. ನಾಲಗೆಗೆ ಚುಚ್ಚದಂತೆ ಎಂಬ ಈ ಸಣ್ಣ ಮಾತನ್ನು ಓದುವಾಗ ಇದು ಪುಸ್ತಕದಿಂದ ಪುಸ್ತಕಕ್ಕೆ ನಕಲಾದ ವಿದ್ಯೆಯಲ್ಲ, ಮಾಡಿ ನೋಡಿದ ಕೈ ಬರೆದದ್ದು ಎಂದು ನಿಮಗೂ ಅನಿಸದಿರದು. ಅಪಘಾತದಲ್ಲಿ ಅಲುಗಿದ ಹಲ್ಲುಗಳನ್ನು ಇಂದು ತೆಳುವಾದ ತಂತಿ ಮತ್ತು ಹಲ್ಲಿನ ಬಣ್ಣದ ಅಂಟಿನಿಂದ ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟುತ್ತಾರೆ. ಉಪಾಯ ಅದೇ.

ತಂತಿ ಯಾವ ಲೋಹದ್ದು? ಬೆಳ್ಳಿ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಇದ್ದಂತೆಯೇ ಇರುತ್ತದೆ, ಆದ್ದರಿಂದ ಚಿನ್ನವೇ ಮೇಲು ಎನ್ನುತ್ತಾರೆ ಝಹ್ರಾವಿ. ಇಲ್ಲಿ ನಿಮಗೆ ಒಂದು ಪ್ರಶ್ನೆ ಏಳಬಹುದು. ಗಂಡಸರಿಗೆ ಚಿನ್ನ ನಿಷಿದ್ಧವಲ್ಲವೇ? ಈ ಪ್ರಶ್ನೆ ಅವರಿಗಿಂತ ಬಹಳ ಹಿಂದೆಯೇ ಎದ್ದಿತ್ತು. ಅರ್ಫಜ ಇಬ್ನ್ ಅಸ್ಅದ್(ರ) ಎಂಬ ಸಹಾಬಿ ಇಸ್ಲಾಮಿನ ಪೂರ್ವಕಾಲದ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡರೆ ಅದು ನಾರತೊಡಗಿತು. ಪ್ರವಾದಿ(ಸ) ಅವರಿಗೆ ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರೆಂದು ಅಬೂ ದಾವೂದ್, ತಿರ್ಮಿದಿ ಮೊದಲಾದವರು ವರದಿ ಮಾಡಿದ್ದಾರೆ. ಹಲವು ವಿದ್ವಾಂಸರು ತಮ್ಮ ಹಲ್ಲುಗಳನ್ನು ಚಿನ್ನದಿಂದ ಕಟ್ಟಿಸಿಕೊಂಡಿದ್ದರೆಂದೂ ತಿರ್ಮಿದಿ ಹೇಳುತ್ತಾರೆ. ಫಿಕ್ಹ್‌ನ ಪಂಡಿತರಲ್ಲಿ ಇದರ ಬಗ್ಗೆ ಚರ್ಚೆ ನಡೆಯಿತು. ಇಮಾಮ್ ಅಬೂ ಹನೀಫರು ಹಲ್ಲು ಕಟ್ಟಲು ಬೆಳ್ಳಿ ಸಾಕು ಎಂದರೆ, ಅವರ ಶಿಷ್ಯರಾದ ಇಮಾಮ್ ಮುಹಮ್ಮದರು ಚಿನ್ನಕ್ಕೂ ಅಡ್ಡಿಯಿಲ್ಲ ಎಂದರು. ಬಾಯಿಯಲ್ಲಿ ಬೆಳ್ಳಿ ಏನಾಗುತ್ತದೆ ಎಂಬ ಹಕೀಮರ ಅನುಭವ ಈ ಚರ್ಚೆಗೆ ಎಷ್ಟು ಹತ್ತಿರವಾಗಿದೆ ನೋಡಿ. ಇಂದಿನ ಹಲ್ಲಿನ ಕೆಲಸದಲ್ಲಿ ಟೈಟಾನಿಯಂ, ಸೆರಾಮಿಕ್, ಝಿರ್ಕೋನಿಯಾ ಇರುವುದರಿಂದ ನಮಗೆ ಈ ಪ್ರಶ್ನೆ ಹೆಚ್ಚಾಗಿ ಎದುರಾಗುವುದಿಲ್ಲ.

ಬಿದ್ದ ಹಲ್ಲಿನ ಬಗ್ಗೆ ಅವರು ಬರೆದದ್ದು ಎರಡು ಮೂರು ವಾಕ್ಯ ಮಾತ್ರ. ಒಂದೆರಡು ಹಲ್ಲು ಬಿದ್ದುಹೋದರೆ ಅದನ್ನೇ ಮತ್ತೆ ಅದರ ಗೂಡಿನಲ್ಲಿ ಇಟ್ಟು ಮೇಲೆ ಹೇಳಿದಂತೆ ತಂತಿಯಿಂದ ಕಟ್ಟಬಹುದು, ಅದು ಉಳಿಯುತ್ತದೆ, ಆದರೆ ಇದು ನುರಿತ ಕೈಗೆ ಮಾತ್ರ ಸಾಧ್ಯ. ಇಲ್ಲವೇ ಎತ್ತಿನ ಮೂಳೆಯನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ಖಾಲಿ ಜಾಗದಲ್ಲಿ ಇಟ್ಟು ಅದೇ ರೀತಿ ಬಿಗಿಯಬಹುದು, ಅದೂ ಬಹುಕಾಲ ಬಳಕೆಗೆ ಬರುತ್ತದೆ. ಹಲ್ಲಿನ ಸ್ಥಾನ ತುಂಬುವಂಥದ್ದು ಬೇರೆ ಇಲ್ಲ ಎಂದವರೇ ಮೂಳೆಯ ಹಲ್ಲನ್ನೂ ಕೆತ್ತಲು ಹೇಳುತ್ತಾರೆ. ಇದರಲ್ಲಿ ವಿರೋಧವೇನೂ ಇಲ್ಲ. ಕೃತಕ ಹಲ್ಲು ಎಷ್ಟು ಚೆನ್ನಾಗಿದ್ದರೂ ಎರಡನೆಯ ಆಯ್ಕೆ ಎಂದು ಅವರಿಗೆ ತಿಳಿದಿತ್ತು.

ಇಂಥ ಲೇಖನಗಳಲ್ಲಿ ಎಲ್ಲವನ್ನೂ ಮೊಟ್ಟಮೊದಲು ಮಾಡಿದವರು ನಮ್ಮವರೇ ಎಂದು ಬರೆಯುವ ಅಭ್ಯಾಸ ಇದೆ. ಅದು ಸರಿಯಲ್ಲ. ಇಟಲಿಯ ಎಟ್ರಸ್ಕನ್ನರು ಮತ್ತು ಲೆಬನಾನ್ ತೀರದ ಫಿನೀಷಿಯನ್ನರು ಕ್ರಿಸ್ತಪೂರ್ವದಲ್ಲೇ ಹಲ್ಲುಗಳಿಗೆ ಚಿನ್ನದ ಪಟ್ಟಿ, ಚಿನ್ನದ ತಂತಿ ಹಾಕಿದ್ದರು, ಅವರ ಗೋರಿಗಳಲ್ಲಿ ಅದು ಸಿಕ್ಕಿದೆ. ಝಹ್ರಾವಿಯವರು ತಮಗಿಂತ ಹಿಂದಿನ ಗ್ರೀಕ್ ವೈದ್ಯ ಪಾಲ್‌ನ ಗ್ರಂಥದಿಂದಲೂ ಬಹಳಷ್ಟು ಪಡೆದರು. ಅವರ ಹಿರಿಮೆ ಬೇರೆ ಕಡೆ ಇದೆ. ತಂತಿ ಎಲ್ಲಿಂದ ತೂರಿಸಬೇಕು, ಗಂಟು ಎಲ್ಲಿ ಹಾಕಬೇಕು, ಉಪಕರಣ ಹೇಗಿರಬೇಕು ಎಂದು ಅವರು ಬರೆದು, ಚಿತ್ರವನ್ನೂ ಕೊಟ್ಟರು. ಕೈಯ ವಿದ್ಯೆ ಗುರುವಿನೊಂದಿಗೆ ಸಾಯದೆ ಪುಸ್ತಕದಲ್ಲಿ ಉಳಿಯಿತು.

ಮೂಳೆಯ ಹಲ್ಲು ಎಷ್ಟು ಕಾಲ ಬಾಳಿತು ಎಂದರೆ, ಅವರ ನಂತರ ಏಳುನೂರು ವರ್ಷ ಕಳೆದರೂ ಯುರೋಪಿನಲ್ಲಿ ಮೂಳೆ ಮತ್ತು ದಂತದಿಂದಲೇ ಹಲ್ಲು ಕೆತ್ತುತ್ತಿದ್ದರು. 1789ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಜಾರ್ಜ್ ವಾಷಿಂಗ್ಟನ್‌ರಿಗೆ ಸ್ವಂತ ಹಲ್ಲು ಒಂದೇ ಉಳಿದಿತ್ತು. ಅವರ ಹಲ್ಲಿನ ಸೆಟ್ಟು ನೀರಾನೆಯ ದಂತದ್ದು. ದವಡೆಯ ಮೂಳೆಗೇ ಬೇರೂರುವ ಹಲ್ಲು ಬಂದದ್ದು 20ನೇ ಶತಮಾನದಲ್ಲಿ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲಗಳ ಮೂಳೆಯ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಟೈಟಾನಿಯಂ ಮೂಳೆಗೆ ಅಂಟಿ ಒಂದಾಗುವುದನ್ನು ಕಂಡರು, 1965ರಲ್ಲಿ ಮೊದಲ ರೋಗಿಗೆ ಅದರ ತಿರುಪನ್ನು ಕೂರಿಸಿದರು.

ಇಂದು ನಿಮಗೆ ಹಲ್ಲು ಕೆಟ್ಟರೆ ಇರುವ ದಾರಿಗಳನ್ನು ಹಕೀಮರ ಕ್ರಮದಲ್ಲೇ ನೋಡಿ, ಮೊದಲು ಉಳಿಸುವುದು, ಆಮೇಲೆ ತುಂಬುವುದು. ಹುಳುಕು ಮೇಲ್ಮೈಯಲ್ಲಿದ್ದರೆ ಸಿಮೆಂಟ್ ತುಂಬಿದರೆ ಮುಗಿಯಿತು. ನರದವರೆಗೆ ಹೋಗಿದ್ದರೆ ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕುತ್ತಾರೆ, ಹಲ್ಲು ನಿಮ್ಮದೇ ಆಗಿ ಉಳಿಯುತ್ತದೆ. ಹಲ್ಲು ಹೋಗಿಯೇ ಬಿಟ್ಟಿದ್ದರೆ ಮೂರು ದಾರಿ. ತೆಗೆದು ಹಾಕುವ ಸೆಟ್ಟು ಎಲ್ಲಕ್ಕಿಂತ ಅಗ್ಗ, ರಾತ್ರಿ ತೆಗೆದು ನೀರಿನಲ್ಲಿ ಇಡಬೇಕು, ಅಗಿಯುವ ಬಲ ಕಡಿಮೆ. ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ನಡುವಿನ ಹಲ್ಲನ್ನು ನಿಲ್ಲಿಸುವುದು, ಝಹ್ರಾವಿಯವರ ಮೂಳೆ ಹಲ್ಲಿನ ಉಪಾಯಕ್ಕೆ ಇದೇ ಹತ್ತಿರ. ಆದರೆ ಇದಕ್ಕಾಗಿ ಚೆನ್ನಾಗಿರುವ ಎರಡು ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಇಂಪ್ಲಾಂಟ್‌ನಲ್ಲಿ ಪಕ್ಕದ ಹಲ್ಲುಗಳನ್ನು ಮುಟ್ಟುವುದಿಲ್ಲ, ದವಡೆಯಲ್ಲಿ ಟೈಟಾನಿಯಂ ತಿರುಪು ಕೂರಿಸಿ, ಸಾಮಾನ್ಯವಾಗಿ ಕೆಲವು ತಿಂಗಳು ಕಾದು, ಮೇಲೆ ಹಲ್ಲು ಹಾಕುತ್ತಾರೆ. ಖರ್ಚು ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಬೀಡಿ ಸಿಗರೇಟು ಸೇದುವವರಿಗೂ ಇದು ವಿಫಲವಾಗುವ ಸಂಭವ ಹೆಚ್ಚು. ದವಡೆಯ ಮೂಳೆ ಸವೆದಿದ್ದರೆ ಅಲ್ಲಿ ಮೂಳೆಯ ಪುಡಿ ತುಂಬುತ್ತಾರೆ. ಆ ಪುಡಿಯ ಒಂದು ಬಗೆ ದನದ ಮೂಳೆಯನ್ನು ಸಂಸ್ಕರಿಸಿ ಮಾಡಿದ್ದು. ಕುರ್ತುಬಾದ ಹಕೀಮರಿಗೆ ಇದನ್ನು ಕೇಳಿದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಮೂರರಲ್ಲಿ ಒಂದನ್ನೂ ಮಾಡದೆ ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಎದುರು ದವಡೆಯ ಹಲ್ಲು ಇಳಿದು ಬರುತ್ತದೆ, ಮೂಳೆ ಕರಗುತ್ತದೆ. ಇನ್ನೂ ಮೂವತ್ತೊಂದು ಇದೆಯಲ್ಲ ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ.

ಬಿದ್ದ ಹಲ್ಲನ್ನೇ ಮತ್ತೆ ಕೂರಿಸುವ ಅವರ ಮಾತು ಶಾಲಾ ಮಕ್ಕಳ ತಂದೆ ತಾಯಿ ಮತ್ತು ಅಧ್ಯಾಪಕರಿಗೆ ಇಂದಿಗೂ ಉಪಯುಕ್ತ. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರು ಸಮೇತ ಹೊರಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ ಮೇಲ್ಭಾಗದಲ್ಲಿ ಹಿಡಿಯಿರಿ. ಮಣ್ಣಾಗಿದ್ದರೆ ತುಸು ಹಾಲಿನಲ್ಲಿ ಅಥವಾ ನೀರಿನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಆಗಲೇ ಗೂಡಿನಲ್ಲಿ ಇಟ್ಟು ಕರವಸ್ತ್ರ ಕಚ್ಚಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ ದಂತ ವೈದ್ಯರಲ್ಲಿಗೆ ಓಡಿ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತಲುಪಿದರೆ ಉಳಿಯುವ ಆಸೆ ಹೆಚ್ಚು. ಹಾಲುಹಲ್ಲಿಗೆ ಮಾತ್ರ ಹೀಗೆ ಮಾಡುವುದಿಲ್ಲ.

ಗ್ರಂಥದ ಮುಂದಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 12ನೇ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ತಂದರು. 1363ರಲ್ಲಿ ಮುಗಿದ ತನ್ನ ಗ್ರಂಥದಲ್ಲಿ ಫ್ರಾನ್ಸಿನ ಗೀ ದ ಶೋಲಿಯಾಕ್ ಅದನ್ನು ಮತ್ತೆ ಮತ್ತೆ ಆಧಾರವಾಗಿ ಬಳಸಿಕೊಂಡ. 1465ರಲ್ಲಿ ತುರ್ಕಿಯ ಶರಫುದ್ದೀನ್ ಸಾಬುನ್‌ಜುಓಗ್ಲು ಅದನ್ನು ಆಧರಿಸಿ ಬಣ್ಣದ ಚಿತ್ರಗಳೊಂದಿಗೆ ತುರ್ಕಿ ಭಾಷೆಯಲ್ಲಿ ಗ್ರಂಥ ಬರೆದ. 1497ರಲ್ಲಿ ಲ್ಯಾಟಿನ್ ಅನುವಾದ ವೆನಿಸ್‌ನಲ್ಲಿ ಅಚ್ಚಾಯಿತು, 1778ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅರಬಿ ಮೂಲ ಲ್ಯಾಟಿನ್ ಅನುವಾದದೊಂದಿಗೆ ಹೊರಬಂತು. ಇಂಗ್ಲಿಷಿನಲ್ಲಿ ಪೂರ್ಣ ಅನುವಾದ ಬರಲು 1973ರವರೆಗೆ ಕಾಯಬೇಕಾಯಿತು. ನಮ್ಮ ದೇಶದ ಯುನಾನಿ ಕಾಲೇಜುಗಳಲ್ಲಿ ಜರಾಹತ್ ವಿಷಯ ಓದುವ ವಿದ್ಯಾರ್ಥಿಗಳಿಗೆ ಅವರ ಹೆಸರು ಪರಿಚಿತ.

ಸುಟ್ಟುಹೋದ ಮದೀನತುಝ್ಝಹ್ರಾದ ಅವಶೇಷಗಳನ್ನು 20ನೇ ಶತಮಾನದ ಆರಂಭದಿಂದ ಅಗೆದು ತೆಗೆಯಲಾಗುತ್ತಿದೆ, 2018ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತಿರದ ಕೋರ್ಡೊಬಾ ನಗರದಲ್ಲಿ, ಅಂದರೆ ಹಳೆಯ ಕುರ್ತುಬಾದಲ್ಲಿ, ಒಂದು ಕಿರಿದಾದ ಬೀದಿಗೆ ಅಬುಲ್‌ಕಾಸಿಸ್ ಎಂದು ಹೆಸರಿದೆ.